‘ಯಾವುದಕ್ಕೆ ಬೇಕಾದರೂ ನುಡಿಸುತ್ತಾರೆ’ ಎಂಬ ಹೊಗಳಿಕೆಯ ವಿರುದ್ಧ

ಡ್ರಮ್ಮರ್ ಒಬ್ಬರನ್ನು ಹೊಗಳಬೇಕಾದಾಗ ನಮ್ಮ ಸಂಗೀತ ಬರವಣಿಗೆ ಒಂದೇ ಮಾತಿಗೆ ಕೈ ಚಾಚುತ್ತದೆ: ‘ಯಾವುದಕ್ಕೆ ಬೇಕಾದರೂ ನುಡಿಸುತ್ತಾರೆ.’ ರಾಕ್ ಇರಲಿ, ಜಾಝ್ ಇರಲಿ, ಸಿನಿಮಾ ಹಾಡಿರಲಿ, ತಾಳವಾದ್ಯ ಕಛೇರಿಯಿರಲಿ, ಕರೆದರೆ ಬರುತ್ತಾರೆ, ಕೂರುತ್ತಾರೆ, ಒಪ್ಪಿಸಿ ಹೋಗುತ್ತಾರೆ. ಕೇಳಲು ಹಿತವಾಗಿರುವ ಈ ಮಾತಿನ ಹೊಟ್ಟೆಯಲ್ಲಿ ಒಂದು ತೀರ್ಪು ಇದೆ. ಎಲ್ಲದಕ್ಕೂ ಒದಗುವವರಿಗೆ ತಮ್ಮದು ಎನ್ನುವುದು ಏನೂ ಇರುವುದಿಲ್ಲ ಎಂಬ ತೀರ್ಪು. ಬಹುಮುಖ ಪ್ರತಿಭೆ ಎಂದು ಬರೆದ ಕೈಯೇ, ಕಲಾವಿದರ ಪಟ್ಟಿ ಮಾಡುವಾಗ ಆ ಹೆಸರನ್ನು ಪಕ್ಕವಾದ್ಯದ ಸಾಲಿಗೆ ತಳ್ಳುತ್ತದೆ. ರಮೇಶ್ ಶೋತಮ್ ಅವರ ವಿಷಯದಲ್ಲಿ ಆಗಿರುವುದು ಇದೇ. ಅವರ ಬಗ್ಗೆ ಯಾರೂ ಕೆಟ್ಟದಾಗಿ ಬರೆದಿಲ್ಲ. ಆದರೆ ಬರೆದ ಒಳ್ಳೆಯ ಮಾತುಗಳೇ ಅವರ ಕೆಲಸವನ್ನು ಕೇಳದಂತೆ ಮಾಡಿವೆ ಎಂಬುದು ನನ್ನ ದೂರು.

ರೂಢಿಯ ಕಥೆ ಓದುಗರಿಗೆ ಗೊತ್ತಿರುವುದೇ. 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಹುಡುಗ ಸಹೋದರ ಸುರೇಶ್ ಜೊತೆ ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡ ಕಟ್ಟಿ ದೇಶ ಸುತ್ತುತ್ತಾನೆ. ಆಮೇಲೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ದಕ್ಷಿಣದ ತಾಳವಾದ್ಯಗಳನ್ನು ಕಲಿಯುತ್ತಾನೆ. ತವಿಲ್, ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಎಲ್ಲವೂ ಕೈಗೆ ಬರುತ್ತವೆ. ಎಂಬತ್ತರ ದಶಕದಲ್ಲಿ ಯುರೋಪಿಗೆ ಹೋಗಿ ಜರ್ಮನಿಯ ಕೊಲೋನಿನಲ್ಲಿ ನೆಲೆಸುತ್ತಾನೆ. ಎಂಬ್ರಿಯೊ, ಚಾರ್ಲಿ ಮರಿಯಾನೊ, ರಬೀಹ್ ಅಬು-ಖಲೀಲ್, ಕಾರ್ಲಾ ಬ್ಲೇ ಹೀಗೆ ಹೆಸರುಗಳು ಸಾಲುಗಟ್ಟುತ್ತವೆ. ಕೊನೆಗೆ ‘ಮದ್ರಾಸ್ ಸ್ಪೆಷಲ್’ ಎಂಬ ಸ್ವಂತ ತಂಡ. ಈ ಕಥೆಯನ್ನು ಯಾವಾಗಲೂ ಮೂರು ಅಂಕದ ನಾಟಕದಂತೆ ಹೇಳುತ್ತಾರೆ. ಮೊದಲ ಅಂಕದಲ್ಲಿ ಪಶ್ಚಿಮದ ಮೋಹ, ಎರಡನೆಯದರಲ್ಲಿ ಬೇರಿಗೆ ಮರಳುವುದು, ಮೂರನೆಯದರಲ್ಲಿ ಫ್ಯೂಷನ್ ಎಂಬ ಸಮನ್ವಯ. ಸಂಗತಿಗಳೆಲ್ಲ ಸರಿ, ಜೋಡಣೆ ಮಾತ್ರ ತಪ್ಪು.

ಎರಡನೆಯ ಅಂಕದಿಂದಲೇ ತಕರಾರು ಶುರು ಮಾಡುತ್ತೇನೆ, ಏಕೆಂದರೆ ಇಡೀ ಕಥೆ ತೂಗುವುದು ಅದರ ಮೇಲೆ. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅನ್ನು 1964ರಲ್ಲಿ ಕಟ್ಟಿದವರು ಟಿ.ಎ.ಎಸ್. ಮಣಿ. ಅವರು ಮೃದಂಗ ವಿದ್ವಾಂಸರು. ಅಂಥವರ ಬಳಿ ಹೋದವರು ಮೃದಂಗವನ್ನೇ ತಮ್ಮ ಮುಖ್ಯ ವಾದ್ಯ ಮಾಡಿಕೊಳ್ಳುವುದು ಲೋಕರೂಢಿ. ಶೋತಮ್ ಅವರ ಗುರುತಾಗಿ ಉಳಿದದ್ದು ಮಾತ್ರ ತವಿಲ್. ಕಛೇರಿಯ ನಾಲ್ಕು ಗೋಡೆಯೊಳಗೆ ತವಿಲ್ ಇಂದಿಗೂ ಅರೆಮನಸ್ಸಿನ ಅತಿಥಿ. ಅದರ ಜಾಗ ದೇವಸ್ಥಾನದ ಹೊರ ಪ್ರಾಕಾರ, ಮದುವೆ ಚಪ್ಪರ, ಉತ್ಸವದ ಬೀದಿ. ಹಲಸಿನ ಮರದ ದಪ್ಪ ಕಳಸಿಗೆ. ಒಂದು ಮುಖಕ್ಕೆ ಗಿಡ್ಡ ಗಟ್ಟಿ ಕೋಲು, ಇನ್ನೊಂದು ಮುಖಕ್ಕೆ ಕವಚ ತೊಟ್ಟ ಬೆರಳುಗಳು. ಹೆಗಲಿಗೆ ಪಟ್ಟಿ ಹಾಕಿ ತೂಗಿಕೊಂಡರೆ ನಡೆಯುತ್ತ ನುಡಿಸಬಹುದು. ಗಂಟೆಗಟ್ಟಲೆ, ಗದ್ದಲದ ನಡುವೆ, ನಾದಸ್ವರದಂಥ ಕೆಚ್ಚಿನ ವಾದ್ಯಕ್ಕೆ ಸರಿಸಾಟಿಯಾಗಿ ನಿಲ್ಲುವ ತ್ರಾಣ ಅದರದ್ದು.

ಡ್ರಮ್ ಕಿಟ್ ಹಿಂದೆ ಹತ್ತು ವರ್ಷ ಬೆವರು ಸುರಿಸಿದವರಿಗೆ ಇದಕ್ಕಿಂತ ಹತ್ತಿರದ ವಾದ್ಯ ದಕ್ಷಿಣ ಭಾರತದಲ್ಲಿ ಇನ್ನೊಂದಿದೆಯೇ? ಕೋಲಿನ ಏಟು, ಎರಡು ಕೈಗೆ ಎರಡು ಬೇರೆ ಕೆಲಸ, ದೊಡ್ಡ ದನಿ, ದಣಿವಿಲ್ಲದ ಮೈ. ಹಾಗಾಗಿ ನಾನು ಇದನ್ನು ‘ಮರಳುವುದು’ ಎನ್ನಲಾರೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟದ್ದು, ಅಷ್ಟೇ. ಬೇರು ಎಂಬ ರೂಪಕ ನಮ್ಮ ವಿಮರ್ಶೆಗೆ ಎಷ್ಟು ಪ್ರಿಯವೆಂದರೆ, ಯಾರಾದರೂ ಗಿಟಾರ್ ಕೆಳಗಿಟ್ಟು ವೀಣೆ ಎತ್ತಿಕೊಂಡ ಕೂಡಲೇ ನಾವು ಆರತಿ ತಟ್ಟೆ ಹಿಡಿದು ನಿಲ್ಲುತ್ತೇವೆ. ಆ ಕೈ ಮೊದಲು ಏನು ಕಲಿತಿತ್ತು, ಆ ಕಲಿಕೆ ಹೊಸ ವಾದ್ಯಕ್ಕೆ ಏನು ತಂದಿತು ಎಂದು ಕೇಳುವುದಿಲ್ಲ.

ಇನ್ನು ‘ಪಶ್ಚಿಮದ ಮೋಹ’ ಎಂಬ ಮೊದಲ ಅಂಕ. ಡ್ರಮ್ ಕಿಟ್ ಪಶ್ಚಿಮದ್ದು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅದನ್ನು ಬಿಚ್ಚಿ ನೋಡಿದರೆ ಸ್ನೇರ್ ಮತ್ತು ಬಾಸ್ ಡ್ರಮ್ ಸೈನ್ಯದ ಮೆರವಣಿಗೆಯಿಂದ ಬಂದವು. ಸಿಂಬಲ್ ತುರ್ಕಿಯಿಂದ ಬಂದದ್ದು. ಇಂದಿಗೂ ಹೆಸರಾಗಿರುವ ಝಿಲ್ಜಿಯನ್ ಮನೆತನದ ಮೂಲ 17ನೇ ಶತಮಾನದ ಕಾನ್‌ಸ್ಟಾಂಟಿನೋಪಲ್. ಮೊದಮೊದಲ ಟಾಮ್‌ಗಳು ಅಮೆರಿಕಕ್ಕೆ ಬಂದ ಚೀನೀ ವಲಸಿಗರ ಡೋಲುಗಳು. ಮೂರು ಜನ ಹೊತ್ತು ನುಡಿಸುತ್ತಿದ್ದುದನ್ನು ಒಬ್ಬರು ಕೂತು ನುಡಿಸುವಂತೆ ಮಾಡಿದ್ದು ಕಾಲಿನ ಪೆಡಲ್. ಲುಡ್ವಿಗ್ ಸಹೋದರರು ಅದಕ್ಕೆ ಒಳ್ಳೆಯ ರೂಪ ಕೊಟ್ಟದ್ದು 1909ರ ಸುಮಾರಿಗೆ. ಅಂದರೆ ಡ್ರಮ್ ಕಿಟ್ ಎಂಬುದು ಬೀದಿ ಮೆರವಣಿಗೆಯನ್ನು ಒಬ್ಬನ ಕೈಕಾಲಿಗೆ ಹಂಚಿ ಕುರ್ಚಿಯ ಮೇಲೆ ಕೂರಿಸಿದ್ದು. ತವಿಲ್ ಕೂಡ ಮೆರವಣಿಗೆಯದೇ ವಾದ್ಯ. ಎರಡರ ನಡುವೆ ಸಾಗರ ದಾಟಬೇಕಿಲ್ಲ, ಬೀದಿ ದಾಟಿದರೆ ಸಾಕು.

ಆ ಬೀದಿ ಹೇಗಿರುತ್ತದೆ ಎಂದು ಹೇಳಲು ನಾನು ಮರ್ಫಿ ಟೌನಿಗೆ ಬರಬೇಕು. ಶೋತಮ್ ಇಲ್ಲಿಯವರಲ್ಲ, ಹಾಗೆ ಹೇಳಿ ಊರಿಗೆ ಸುಳ್ಳು ಗೌರವ ತರುವ ಆಸೆ ನನಗಿಲ್ಲ. ಆದರೆ ಅವರ ಧ್ವನಿಮುದ್ರಿಕೆಗಳನ್ನು ನಾನು ಕೇಳಿದ್ದು ಈ ಕೇರಿಯ ಕಿವಿಯಿಂದ, ಮತ್ತು ಬಹುಮುಖತೆ ಎಂಬ ಪದದ ಮೇಲೆ ನನಗೆ ಅನುಮಾನ ಹುಟ್ಟಿದ್ದೂ ಇಲ್ಲಿಯೇ. ಹಿಂದೆ ನಾಕ್ಸ್‌ಪೇಟೆ ಎನಿಸಿಕೊಂಡಿದ್ದು, ಆಮೇಲೆ ಎಂಜಿನಿಯರ್ ಮರ್ಫಿಯ ಹೆಸರು ಹೊತ್ತ ಈ ಬಡಾವಣೆ ದಂಡಿನ ದುಡಿಯುವ ಜನರ ಜಾಗ. ಒಂದು ದಿಕ್ಕಿಗೆ ಹಲಸೂರಿನ ಸೋಮೇಶ್ವರ ದೇವಸ್ಥಾನ. ಪಲ್ಲಕ್ಕಿ ಉತ್ಸವದ ರಾತ್ರಿ ಓಲಗದ ಸದ್ದು ಬೆಳಗಿನವರೆಗೆ ನಿಲ್ಲುವುದಿಲ್ಲ. ಇನ್ನೊಂದು ದಿಕ್ಕಿಗೆ ಕೆರೆಯಾಚೆ ಮದ್ರಾಸ್ ಎಂಜಿನಿಯರ್ ಗ್ರೂಪ್. ಅಲ್ಲಿ ಸೈನ್ಯದ ಬ್ಯಾಂಡ್. ನಡುವೆ ಚರ್ಚುಗಳು, ಅಮ್ಮನ ಗುಡಿಗಳು, ದರ್ಗಾಗಳು, ಗಣೇಶನ ಪೆಂಡಾಲುಗಳು. ತಮಿಳು, ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಎಲ್ಲವೂ ಒಂದೇ ನಲ್ಲಿಯ ಸಾಲಿನಲ್ಲಿ.

ಇಲ್ಲಿಯ ಬ್ಯಾಂಡ್‌ಸೆಟ್‌ನಲ್ಲಿ ಸೈಡ್ ಡ್ರಮ್ ತೂಗಿಕೊಂಡ ಒಬ್ಬರನ್ನು ನಾನು ಬಹಳ ವರ್ಷ ನೋಡಿದ್ದೇನೆ. ಬೆಳಿಗ್ಗೆ ಶವಯಾತ್ರೆ, ಸಂಜೆ ಮದುವೆ, ಸೆಪ್ಟೆಂಬರಿನಲ್ಲಿ ಮಾತೆಯ ಹಬ್ಬದ ತೇರು, ನವೆಂಬರಿನಲ್ಲಿ ರಾಜ್ಯೋತ್ಸವ. ಅವರನ್ನು ಯಾರೂ ಬಹುಮುಖ ಪ್ರತಿಭೆ ಎನ್ನಲಿಲ್ಲ. ಶವಯಾತ್ರೆಯಲ್ಲಿ ಅವರ ಕಣ್ಣು ಚಟ್ಟ ಹೊತ್ತವರ ಕಾಲಿನ ಮೇಲೆ ಇರುತ್ತಿತ್ತು. ರಸ್ತೆ ಏರಾದರೆ ಲಯ ಕೂದಲೆಳೆಯಷ್ಟು ಸಡಿಲ, ತಿರುವು ಬಂದರೆ ತಮಟೆಯವರಿಗೆ ಒಂದು ಸನ್ನೆ, ಹೊತ್ತವರು ಹೆಗಲು ಬದಲಿಸುವಾಗ ಒಂದು ಸುತ್ತು ಹಿಗ್ಗಿಸಿ ಕಾಯುವುದು. ಮದುವೆಯಲ್ಲಿ ಅದೇ ಕಣ್ಣು ಕುಣಿಯುವ ಹುಡುಗರ ಮೇಲೆ. ಅವರಿಗೆ ಎಂಟು ಶೈಲಿ ಗೊತ್ತಿದ್ದವು ಎಂದು ಬರೆದರೆ ತಪ್ಪಾಗುತ್ತದೆ. ಗೊತ್ತಿದ್ದದ್ದು ಒಂದೇ ವಿದ್ಯೆ: ಎದುರಿನವರ ಮೈಯಲ್ಲಿ ಲಯ ಎಲ್ಲಿ ಕೂತಿದೆ ಎಂದು ಕಂಡುಹಿಡಿದು ಅದಕ್ಕೆ ನೆಲ ಹಾಸುವುದು. ಹಾಡು ಬದಲಾದರೆ ನೆಲ ಬದಲಾಗುತ್ತಿತ್ತು, ವಿದ್ಯೆ ಬದಲಾಗುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಮಟೆ ಮತ್ತು ಪರೈ ನುಡಿಸುವವರು ಎಲ್ಲದಕ್ಕೂ ನುಡಿಸುವುದು ಬಹುಮಟ್ಟಿಗೆ ಜಾತಿ ಹೊರಿಸಿದ ಕೆಲಸವಾಗಿ. ಸಾವಿನ ಮನೆಗೆ ಕರೆದವರೇ ಮಾರನೆಯ ದಿನ ಒಳಗೆ ಕರೆಯುವುದಿಲ್ಲ. ಹ್ಯೂಮನ್ ಬಾಂಡೇಜ್ ಮೂಲಕ ಬಂದ ಶೋತಮ್ ಅವರಿಗೆ ಆಯ್ಕೆ ಇತ್ತು, ಪಾಸ್‌ಪೋರ್ಟ್ ಇತ್ತು. ಎರಡು ಬದುಕನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಾನು ಹೋಲಿಸುತ್ತಿರುವುದು ಬದುಕನ್ನಲ್ಲ, ಕಿವಿಯನ್ನು. ಕೊಲೋನಿನಲ್ಲಿ ಬಹುಮುಖತೆ ಎಂದು ಪತ್ರಿಕೆಯಲ್ಲಿ ಅಚ್ಚಾಗುವ ಗುಣ ಮರ್ಫಿ ಟೌನಿನಲ್ಲಿ ಗುಣವೆಂದೇ ಎಣಿಕೆಗೆ ಬರುವುದಿಲ್ಲ ಎಂಬುದನ್ನು ಬರೆಯದೆ ಬಿಟ್ಟರೆ ಮಾತ್ರ ಈ ಹೋಲಿಕೆ ಅಪ್ರಾಮಾಣಿಕವಾಗುತ್ತದೆ.

ಬೆಂಗಳೂರಿನ ಸಂಗೀತದ ಇತಿಹಾಸ ಬರೆಯುವವರು ಇನ್ನೊಂದು ಗೋಡೆ ಕಟ್ಟಿದ್ದಾರೆ. ಪೇಟೆಯ ಕಡೆ ಸಭೆ, ರಾಮೋತ್ಸವ, ವಿದ್ವಾಂಸರು. ದಂಡಿನ ಕಡೆ ಇಂಗ್ಲಿಷ್ ಹಾಡು, ಹೋಟೆಲ್ ಬ್ಯಾಂಡು, ಗಿಟಾರ್. ದಂಡಿನ ಕಥೆ ಎಂದರೆ ಬಿಡ್ಡು ಇಲ್ಲಿಂದ ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ನಿರ್ಮಿಸಿದ ಕಥೆ. ಅದು ಹೆಮ್ಮೆಯ ಕಥೆಯೇ. ಆದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮತ್ತು ಪೇಟೆ 1949ರಲ್ಲಿ ಒಂದೇ ಕಾರ್ಪೊರೇಷನ್ ಆದ ಮೇಲೂ ನಮ್ಮ ವಿಮರ್ಶೆಯಲ್ಲಿ ಮಾತ್ರ ಅವು ಒಂದಾಗಲಿಲ್ಲ. ರಾಕ್ ಡ್ರಮ್ಮರ್ ಒಬ್ಬರು ಮೃದಂಗದ ವಿದ್ವಾಂಸರ ಶಾಲೆಗೆ ಹೋದರೆ ಅದನ್ನು ಗಡಿ ದಾಟಿದ ಸಾಹಸದಂತೆ ಬರೆಯುವುದು ಇದೇ ಕಾರಣಕ್ಕೆ. ಹಲಸೂರಿನ ಬೀದಿಯಲ್ಲಿ ಆ ಗಡಿ ಎಂದೂ ಇರಲಿಲ್ಲ.

ಕಾಲೇಜಿನ ಪಾತ್ರವನ್ನು ನಾನು ಕಡಿಮೆ ಮಾಡುತ್ತಿಲ್ಲ. ಮಣಿ ಅವರೂ ಗಾಯಕಿ ಆರ್.ಎ. ರಮಾಮಣಿ ಅವರೂ ಸೇರಿ ಮಾಡಿದ್ದು ನಮ್ಮಲ್ಲಿ ಇನ್ನೂ ಸರಿಯಾಗಿ ಅಳೆಯದ ಕೆಲಸ. ಭಾರತೀಯ ಫ್ಯೂಷನ್ ಎಂದ ಕೂಡಲೇ ನಾವು ಜಾನ್ ಮೆಕ್‌ಲಾಫ್ಲಿನ್ ಅವರ ‘ಶಕ್ತಿ’ಯಿಂದ ಶುರು ಮಾಡಿ ಝಾಕಿರ್ ಹುಸೇನ್ ಅವರಲ್ಲಿಗೆ ಬಂದು ನಿಲ್ಲುತ್ತೇವೆ. 1978–79ರಲ್ಲಿ ಮ್ಯೂನಿಕ್‌ನ ಎಂಬ್ರಿಯೊ ತಂಡ ಬಸ್ಸಿನಲ್ಲಿ ನೆಲದ ಹಾದಿಯಲ್ಲೇ ಭಾರತಕ್ಕೆ ಬಂದದ್ದು, ಆ ಪ್ರಯಾಣ ‘ವಗಾಬುಂಡನ್ ಕರವಾನೆ’ ಎಂಬ ಸಾಕ್ಷ್ಯಚಿತ್ರವಾದದ್ದು, ಬೆಂಗಳೂರಿನ ಈ ಕಾಲೇಜಿನ ಕಲಾವಿದರೊಡನೆ ಎಂಬ್ರಿಯೊ ‘ಲೈಫ್’ ಎಂಬ ಮುದ್ರಿಕೆ ಮಾಡಿದ್ದು, ಎಂಬ್ರಿಯೊದಿಂದ ಒಡೆದು ಬಂದ ಡಿಸಿಡೆಂಟನ್ 1982ರಲ್ಲಿ ‘ಜರ್ಮನಿಸ್ತಾನ್’ ಮಾಡಿದಾಗಲೂ ಇವರೇ ಜೊತೆಗಿದ್ದದ್ದು, ಇವೆಲ್ಲ ಬೆಂಗಳೂರಿನ ಇತಿಹಾಸ. ಕನ್ನಡದಲ್ಲಿ ಇದರ ಬಗ್ಗೆ ಬರೆದದ್ದು ಅತಿ ಕಡಿಮೆ.

ಆ ಶಾಲೆ ಶೋತಮ್ ಅವರಿಗೆ ಕೊಟ್ಟದ್ದು ‘ಬೇರು’ ಅಲ್ಲ, ಒಂದು ಭಾಷೆ. ಕೊನ್ನಕ್ಕೋಲ್ ಎಂದರೆ ಕೈಗೆ ಬರುವ ಮೊದಲೇ ಲಯವನ್ನು ಬಾಯಲ್ಲಿ ಹಿಡಿಯುವ ವಿದ್ಯೆ. ಐದರ ಖಂಡ, ಏಳರ ಮಿಶ್ರ, ಒಂಬತ್ತರ ಸಂಕೀರ್ಣ ಇವು ಎಣಿಕೆಯ ಕಸರತ್ತಾಗಿ ಅಲ್ಲ, ಆಡುಮಾತಿನಂತೆ ನಾಲಿಗೆಯ ಮೇಲೆ ಇರುತ್ತವೆ. ಹಾಗಾಗಿ ಅರಬ್ ಸಂಗೀತಗಾರನೊಬ್ಬ ಹತ್ತು ಅಥವಾ ಹನ್ನೊಂದರ ಆವರ್ತ ತಂದಿಟ್ಟಾಗ ಅದನ್ನು ಬಾಯಿಪಾಠ ಮಾಡಬೇಕಿಲ್ಲ, ಮಾತಾಡಿದರಾಯಿತು. ಬೀದಿ ಕಲಿಸುವುದು ಎದುರಿನವರನ್ನು ಕೇಳುವುದನ್ನು, ಶಾಲೆ ಕಲಿಸುವುದು ಕೇಳಿದ್ದನ್ನು ಹೆಸರಿಟ್ಟು ಹಿಡಿದಿಡುವುದನ್ನು. ಶೋತಮ್ ಅವರಲ್ಲಿ ಎರಡೂ ಸೇರಿವೆ ಎಂಬುದೇ ನನ್ನ ವಾದದ ನಡುಗಂಬ.

ಇದನ್ನು ಮುದ್ರಿಕೆಗಳ ಮೇಲೆಯೇ ಪರೀಕ್ಷಿಸೋಣ. ಕಾಲೇಜಿನ ಹೆಸರು ಹೊರದೇಶದಲ್ಲಿ ಹೆಚ್ಚು ಹರಡಿದ್ದು 1983ರಲ್ಲಿ ಇಸಿಎಂ ಎಂಬ ಮುದ್ರಿಕಾ ಸಂಸ್ಥೆ ಹೊರತಂದ ‘ಜ್ಯೋತಿ’ಯಿಂದ. ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನ್, ಕೊಳಲು, ರಮಾಮಣಿ ಅವರ ಕಂಠ, ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಮೋರ್ಸಿಂಗ್; ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಶೋತಮ್ ಇದರಲ್ಲಿಲ್ಲ. ಇಂಡೋ-ಜಾಝ್ ಪಟ್ಟಿಗಳಲ್ಲಿ ಇದೇ ಶಿಖರ. ನನಗೂ ಈ ಮುದ್ರಿಕೆ ಪ್ರಿಯ. ರಮಾಮಣಿ ಅವರ ಧ್ವನಿ ಮತ್ತು ಮರಿಯಾನೊ ಅವರ ವಾದ್ಯ ಒಂದೇ ಎಳೆಯಾಗುವ ಕ್ಷಣಗಳು ಮರೆಯುವಂಥವಲ್ಲ. ಆದರೆ ಶಿಖರ ಎನ್ನುವುದನ್ನು ಒಪ್ಪಲಾರೆ. ಇಸಿಎಂನ ಧ್ವನಿಕಲ್ಪನೆಯಲ್ಲಿ ಮೌನಕ್ಕೆ ದೊಡ್ಡ ಬೆಲೆ. ಆ ಮೌನದ ನಡುವೆ ನಮ್ಮ ತಾಳವಾದ್ಯಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಡವೆಗಳಂತೆ ಹೊಳೆಯುತ್ತವೆ. ಒಂದಕ್ಕೊಂದು ತಾಗಿ ಬೆವರುವುದಿಲ್ಲ. ಅತಿಥಿ ಬಂದು ಮನೆಯವರ ಜೊತೆ ಗೌರವದಿಂದ ಕೂತು ಹೋದಂತೆ. ಮರಿಯಾನೊ ಅರವತ್ತರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗಲೇ ನಾದಸ್ವರಕ್ಕೆ ಮನಸೋತು ಅದನ್ನು ಕಲಿತವರು. ಆ ಬೀದಿಯ ದನಿ ‘ಜ್ಯೋತಿ’ಯಲ್ಲಿ ಒಳಕೋಣೆಗೆ ಬಂದು ತಗ್ಗಿದೆ.

ಅದರ ಪಕ್ಕದಲ್ಲಿ 1992ರ ‘ಬ್ಲೂ ಕ್ಯಾಮೆಲ್’ ಇಟ್ಟು ಕೇಳಿ. ಲೆಬನಾನಿನಿಂದ ಮ್ಯೂನಿಕ್‌ಗೆ ಬಂದ ಊದ್ ವಾದಕ ರಬೀಹ್ ಅಬು-ಖಲೀಲ್ ಅವರ ಮುದ್ರಿಕೆ. ಅದೇ ಮರಿಯಾನೊ ಇಲ್ಲಿಯೂ ಇದ್ದಾರೆ. ಜೊತೆಗೆ ಕೆನ್ನಿ ವೀಲರ್ ಅವರ ತುತ್ತೂರಿ, ಸ್ಟೀವ್ ಸ್ವಾಲೋ ಅವರ ಬಾಸ್. ಲಯದ ಕಡೆ ಮೂವರು. ಮಿಲ್ಟನ್ ಕಾರ್ಡೊನಾ ಅವರ ಕಾಂಗಾ, ನಬೀಲ್ ಖಯ್ಯಾತ್ ಅವರ ಫ್ರೇಮ್ ಡ್ರಮ್, ಶೋತಮ್ ಅವರ ದಕ್ಷಿಣ ಭಾರತದ ವಾದ್ಯಗಳು. ಮೂರು ನಾಡಿನ ಮೂರು ಚರ್ಮವಾದ್ಯ ಪರಂಪರೆ, ಕಿಟ್ ಇಲ್ಲ. ಕಾಗದದ ಮೇಲೆ ಇದು ಅಪಾಯದ ಯೋಜನೆ. ಮೂವರೂ ತಮ್ಮ ತಮ್ಮ ಪರಂಪರೆಯ ಪ್ರತಿನಿಧಿಗಳಾಗಿ ಕೂತಿದ್ದರೆ ಅದೊಂದು ವಸ್ತುಪ್ರದರ್ಶನವಾಗುತ್ತಿತ್ತು.

ಹಾಗಾಗಲಿಲ್ಲ. ಕಾಂಗಾಕ್ಕೆ ತನ್ನ ಆವರ್ತವನ್ನು ಸುತ್ತಿ ಸುತ್ತಿ ಗಟ್ಟಿ ಮಾಡುವ ಸ್ವಭಾವ. ಫ್ರೇಮ್ ಡ್ರಮ್‌ಗೆ ದುಮ್ ಮತ್ತು ತಕ್‌ಗಳ ನಡುವೆ ಉಸಿರು ಬಿಡುವ ಸ್ವಭಾವ. ನನ್ನ ಕಿವಿಗೆ ಶೋತಮ್ ಈ ಎರಡರ ನಡುವಿನ ಸಂದುಗಳಲ್ಲಿ ಕೆಲಸ ಮಾಡುತ್ತಾರೆ. ಒಂದರ ಕೊನೆಯ ಅಕ್ಷರವನ್ನು ಇನ್ನೊಂದರ ಮೊದಲ ಅಕ್ಷರಕ್ಕೆ ಕೂಡಿಸುತ್ತಾರೆ. ಕಲ್ಲುಕಟ್ಟಡದಲ್ಲಿ ಎರಡು ದೊಡ್ಡ ಕಲ್ಲುಗಳ ನಡುವೆ ಚಕ್ಕೆ ತುಂಬುವವರ ಹಾಗೆ. ಚಕ್ಕೆಯನ್ನು ನೋಡಲು ಯಾರೂ ಹೋಗುವುದಿಲ್ಲ, ಆದರೆ ಅದನ್ನು ಕಿತ್ತರೆ ಗೋಡೆ ಅಲುಗುತ್ತದೆ. ಊದ್, ಸ್ಯಾಕ್ಸೊಫೋನ್, ತುತ್ತೂರಿ ಉದ್ದುದ್ದ ಸಾಲುಗಳನ್ನು ಒಟ್ಟಿಗೆ ನುಡಿಸಿಯೂ ಎಡವುವುದಿಲ್ಲವಲ್ಲ, ಅವರ ಕಾಲಡಿಗೆ ನೆಲ ಸಿಕ್ಕಿರುವುದೇ ಕಾರಣ. ಇಲ್ಲಿ ಮರಿಯಾನೊ ಅತಿಥಿಯಲ್ಲ, ಯಾರೂ ಅತಿಥಿಗಳಲ್ಲ. ‘ಜ್ಯೋತಿ’ಯಲ್ಲಿ ಕೇಳದ ಬೀದಿ ನನಗೆ ಕೇಳಿದ್ದು ಇಲ್ಲಿ.

ಇಷ್ಟು ದೊಡ್ಡ ಕೆಲಸ ನಮ್ಮ ವಿಮರ್ಶೆಗೆ ಕೇಳಿಸದೆ ಹೋದದ್ದು ಏಕೆ? ನಮ್ಮ ಕಿವಿ ತನಿ ಆವರ್ತನದಲ್ಲಿ ಪಳಗಿದೆ. ಎರಡು ಗಂಟೆ ಹಾಡಿಗೆ ನುಡಿಸಿದ ಮೃದಂಗವನ್ನು ನಾವು ಅಳೆಯುವುದು ಕೊನೆಯ ಹತ್ತು ನಿಮಿಷದ ತನಿಯಿಂದ, ಅದರಲ್ಲೂ ಮುಕ್ತಾಯದ ಲೆಕ್ಕ ಸರಿಯಾಗಿ ಸಮಕ್ಕೆ ಬಂದು ಬಿದ್ದಾಗಿನ ಚಪ್ಪಾಳೆಯಿಂದ. ಕಛೇರಿಯ ಹಿರಿಯ ರಸಿಕರು ಇದನ್ನು ಒಪ್ಪುವುದಿಲ್ಲ, ಕೃತಿಗೆ ನುಡಿಸುವುದೇ ನಿಜವಾದ ಪರೀಕ್ಷೆ ಎನ್ನುತ್ತಾರೆ. ಅವರ ಮಾತು ನಿಜ. ಆದರೆ ಬರೆಯಲು ಕೂತಾಗ ಅವರೂ ತನಿಯ ಬಗ್ಗೆಯೇ ಬರೆಯುತ್ತಾರೆ, ಏಕೆಂದರೆ ಬಣ್ಣಿಸಲು ಸಿಗುವುದು ಅದೇ. ಈ ಅಭ್ಯಾಸವನ್ನು ನಾವು ಸೆಷನ್ ಕಲಾವಿದರ ಮೇಲೂ ಹೊರಿಸಿದ್ದೇವೆ. ಎಲ್ಲಿ ಸೋಲೊ? ಎಲ್ಲಿ ಮಿಂಚು?

ಇಲ್ಲಿ ತ್ರಿಲೋಕ್ ಗುರ್ಟು ಅವರ ಹೆಸರು ಎದುರಾಗುವುದು ಖಚಿತ. ಮುಂಬಯಿಯಿಂದ ಹೋಗಿ ‘ಒರೆಗಾನ್’ ತಂಡದಲ್ಲಿ ಕಾಲಿನ್ ವಾಲ್ಕಾಟ್ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಕೂತವರು, ಮೆಕ್‌ಲಾಫ್ಲಿನ್ ಜೊತೆ ತ್ರಿವಾದ್ಯ ತಂಡದಲ್ಲಿದ್ದವರು. ಎರಡು ಸೆಕೆಂಡ್ ಕೇಳಿದರೆ ಸಾಕು, ಇವರೇ ಎಂದು ಹೇಳಬಹುದು. ಶೋತಮ್ ಅವರನ್ನು ಹಾಗೆ ಗುರುತಿಸಲು ಆಗುವುದಿಲ್ಲ, ಆದ್ದರಿಂದ ಅವರು ಎರಡನೇ ಸಾಲು ಎಂಬುದು ಪ್ರಚಲಿತ ಅಭಿಪ್ರಾಯ. ಮೊದಲ ಅರ್ಧವನ್ನು ಒಪ್ಪುತ್ತೇನೆ, ಎರಡನೆಯದನ್ನು ಇಲ್ಲ. ಗುರ್ಟು ಕೂತ ಕಡೆಯೆಲ್ಲ ಆ ತಂಡ ಸ್ವಲ್ಪ ಗುರ್ಟು ಅವರದಾಗುತ್ತದೆ. ಅದು ಅವರ ಶಕ್ತಿ. ಶೋತಮ್ ಕೂತ ಕಡೆ ಆ ತಂಡ ಇನ್ನಷ್ಟು ತಾನೇ ಆಗುತ್ತದೆ. 1988ರ ‘ಬುಕ್ರಾ’, 1990ರ ‘ಅಲ್-ಜದೀದಾ’, ಆಮೇಲಿನ ‘ಬ್ಲೂ ಕ್ಯಾಮೆಲ್’, ‘ತರಬ್’ ಹೀಗೆ ಒಂದಾದ ಮೇಲೊಂದು ಮುದ್ರಿಕೆಗೆ ಅಬು-ಖಲೀಲ್ ಶೋತಮ್ ಅವರನ್ನೇ ಕರೆದದ್ದು ಅವರ ಗುರುತು ಅಳಿದುಹೋಗಿತ್ತು ಎಂದಲ್ಲ. ಬೇರೆ ಯಾರನ್ನು ಕರೆದರೂ ಸಿಗದ ಏನೋ ಒಂದು ಸಿಗುತ್ತಿತ್ತು ಎಂದೇ ಅಲ್ಲವೇ? ಸಹಿ ಎಂಬುದು ದನಿಯಲ್ಲೇ ಇರಬೇಕೆಂದಿಲ್ಲ. ಇತರರ ದನಿ ಹೇಗೆ ಕೇಳುತ್ತದೆ ಎಂಬುದರಲ್ಲೂ ಇರಬಹುದು.

ನಮ್ಮ ಸಿನಿಮಾ ಹಾಡುಗಳಿಗೂ ಇದೇ ಅನ್ಯಾಯ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಹಾಡುಗಳನ್ನು ಬಾಯಿಪಾಠ ಹೇಳುವ ಕನ್ನಡಿಗರು ಇಳಯರಾಜ ಅವರನ್ನು ಬಲ್ಲರು, ಎಸ್ಪಿಬಿ, ಜಾನಕಿ ಅವರನ್ನು ಬಲ್ಲರು. ಇಳಯರಾಜ ಅವರ ವಾದ್ಯಮೇಳದ ಬೆನ್ನೆಲುಬಾಗಿದ್ದ ಡ್ರಮ್ಮರ್ ಪುರುಷೋತ್ತಮನ್ ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಕ್ಯಾಸೆಟ್ಟಿನ ಹೊದಿಕೆಯಲ್ಲಿ ಅಂಥ ಹೆಸರುಗಳಿಗೆ ಜಾಗ ಇರುತ್ತಿರಲಿಲ್ಲ. ಹೆಸರಿಲ್ಲದ ಕೆಲಸಕ್ಕೆ ವಿಮರ್ಶೆಯೂ ಹುಟ್ಟುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ಎತ್ತುವವರು ನನ್ನ ಗೌರವಕ್ಕೆ ಪಾತ್ರರು. ಯುರೋಪಿನ ವರ್ಲ್ಡ್ ಮ್ಯೂಸಿಕ್ ಮಾರುಕಟ್ಟೆಗೆ ನಮ್ಮ ತಾಳವಾದ್ಯ ಬೇಕಾಗಿದ್ದು ಮಸಾಲೆಯಾಗಿ. ಊಟ ಅವರದು, ಒಗ್ಗರಣೆ ನಮ್ಮದು ಎಂಬ ವಾದ. ಆ ಕಾಲದ ಎಷ್ಟೋ ಮುದ್ರಿಕೆಗಳಿಗೆ ಈ ಮಾತು ಸರಿಯಾಗಿ ಒಪ್ಪುತ್ತದೆ. ಕೀಬೋರ್ಡಿನ ಮಂಜು ಹರಡಿ, ಅದರ ಮೇಲೆ ಎರಡು ಸೊಲ್ಕಟ್ಟು ಉದುರಿಸಿ ಪೂರ್ವದ ರಹಸ್ಯ ಎಂದು ಮಾರಿದ ಸರಕು ಬೇಕಾದಷ್ಟಿದೆ. ಜರ್ಮನಿಯ ಅಷ್ಟೊಂದು ವೇದಿಕೆ ಹತ್ತಿದ ಶೋತಮ್ ಅಂಥ ಕಡೆಯೂ ಕೂತಿರಬಹುದು. ದುಡಿಮೆಯ ಬದುಕಿನಲ್ಲಿ ಕರೆ ಬಂದ ಕಡೆಗೆಲ್ಲ ಹೋಗಬೇಕಾಗುತ್ತದೆ. ಆದರೆ ಅಬು-ಖಲೀಲ್ ಮುದ್ರಿಕೆಗಳಿಗೆ ಈ ವಾದ ಅಂಟುವುದಿಲ್ಲ. ಅಲ್ಲಿ ಮನೆಯ ಯಜಮಾನನೇ ಬೈರೂತಿನ ವಲಸಿಗ. ಊಟ ಯಾರದು, ಒಗ್ಗರಣೆ ಯಾರದು ಎಂದು ಹೇಳಲಾಗದ ಅಡುಗೆಮನೆ ಅದು. ಪಶ್ಚಿಮ–ಪೂರ್ವ ಎಂಬ ಎರಡೇ ಕಂಬ ನೆಟ್ಟು ನೋಡುವವರಿಗೆ ದಕ್ಷಿಣ ಭಾರತ ಮತ್ತು ಅರಬ್ ದೇಶ ಜರ್ಮನಿಯ ಸ್ಟುಡಿಯೋದಲ್ಲಿ ನೇರವಾಗಿ ಮಾತಾಡಿಕೊಂಡದ್ದು ಕಾಣುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನದನ್ನು ಮುಚ್ಚಿಡುವುದು ಸಲ್ಲದು. ಸ್ವಂತ ತಂಡದ ಮುಂದಾಳಾಗಿ ಶೋತಮ್ ನನ್ನನ್ನು ಅಷ್ಟು ಒಪ್ಪಿಸುವುದಿಲ್ಲ. ‘ಮದ್ರಾಸ್ ಸ್ಪೆಷಲ್’ ಶುದ್ಧವಾದ, ಲವಲವಿಕೆಯ ತಂಡ. ನುಡಿಕೆಯಲ್ಲಿ ದೋಷ ಹುಡುಕಿದರೂ ಸಿಗದು. ಆದರೆ ಅಲ್ಲಿ ಅವರು ಕೇಳಿಸಿಕೊಳ್ಳುವವರ ಜಾಗ ಬಿಟ್ಟು ತೋರಿಸುವವರ ಜಾಗಕ್ಕೆ ಬರುತ್ತಾರೆ. ಲೆಕ್ಕಾಚಾರದ ಮುಕ್ತಾಯಗಳು ಬರಬೇಕಾದ ಕಡೆ ಬರುತ್ತವೆ, ಬ್ಯಾಕ್‌ಬೀಟ್ ಬರಬೇಕಾದ ಕಡೆ ಬರುತ್ತದೆ, ಬಾಯಿತಾಳದ ಸವಾಲು–ಜವಾಬು ಕೂಡ. ಬರುತ್ತದೆ ಎಂದು ನಮಗೆ ಮೊದಲೇ ಗೊತ್ತಾಗುವುದೇ ತೊಂದರೆ. ಇದು ಬಹುಮುಖತೆಯನ್ನು ಕುರಿತ ಹೊಗಳಿಕೆ ಕಲಾವಿದರಿಗೇ ಮಾಡುವ ಹಾನಿ ಎಂದು ನಾನು ಎಣಿಸುತ್ತೇನೆ. ಮೂವತ್ತು ವರ್ಷ ಇತರರ ಸಂಗೀತಕ್ಕೆ ನೆಲವಾದವರನ್ನು, ಕೊನೆಗಾದರೂ ನಾಯಕರಾಗಿ ನಿಮ್ಮನ್ನು ರುಜುವಾತು ಮಾಡಿ ಎಂದು ಲೋಕ ಒತ್ತಾಯಿಸುತ್ತದೆ. ಅವರ ಅತ್ಯುತ್ತಮ ಮುದ್ರಿಕೆಗಳ ಮೇಲೆ ಬೇರೆಯವರ ಹೆಸರಿದೆ ಎಂದರೆ ಅದರಲ್ಲಿ ಅವಮಾನವೇನೂ ಇಲ್ಲ ಎಂದು ಗಟ್ಟಿಯಾಗಿ ಹೇಳುವ ವಿಮರ್ಶೆ ನಮ್ಮಲ್ಲಿ ಇದ್ದಿದ್ದರೆ, ಆ ಒತ್ತಾಯ ಇಷ್ಟು ಬಲವಾಗಿರುತ್ತಿರಲಿಲ್ಲ.

ಈಗಿನ ಬೆಂಗಳೂರಿನಲ್ಲಿ ಕೊನ್ನಕ್ಕೋಲ್ ಕಲಿಯುವ ಡ್ರಮ್ಮರುಗಳು ಬಹಳ. ಮೊಬೈಲ್ ಎದುರು ಕೂತು ಒಂಬತ್ತನ್ನು ಐದರೊಳಗೆ ಕೂಡಿಸಿ ಏಳಕ್ಕೆ ಇಳಿಸುವ ಹುಡುಗ ಹುಡುಗಿಯರನ್ನು ನೋಡಿದರೆ ಬೆರಗಾಗುತ್ತದೆ. ಅವರ ಶ್ರದ್ಧೆಗೆ ನನ್ನ ಮೆಚ್ಚುಗೆ ಇದೆ. ಆದರೆ ಅದು ಒಬ್ಬರೇ ಕೂತು ಮಾಡುವ ಸಾಧನೆ. ಎದುರಿಗೆ ಉಸಿರಾಡುವ ಇನ್ನೊಬ್ಬರು ಇಲ್ಲ.

ಮರ್ಫಿ ಟೌನಿನಲ್ಲಿ ನನಗೆ ಪರಿಚಯದ ಒಬ್ಬ ಹುಡುಗನಿದ್ದಾನೆ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಕಿಟ್ ನುಡಿಸುತ್ತಾನೆ, ಗಣೇಶನ ಹಬ್ಬದ ತಿಂಗಳು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್, ಮಿಕ್ಕ ದಿನ ಕರೆದ ಕಡೆ. ಶೋತಮ್ ಹೆಸರು ಕೇಳಿರಲಿಲ್ಲ. ಒಂದು ಸಂಜೆ ಯಾರು ಏನು ಎಂದು ಹೇಳದೆ ಅವನಿಗೆ ‘ಅಲ್-ಜದೀದಾ’ ಹಾಕಿದೆ. ಅದರಲ್ಲಿ ತಾಳಕ್ಕೆ ಇಬ್ಬರು, ನಬೀಲ್ ಖಯ್ಯಾತ್ ಮತ್ತು ಶೋತಮ್. ಹುಡುಗ ಮೊದಲು ತೊಡೆಯ ಮೇಲೆ ಬೆರಳಾಡಿಸಿದ, ಆಮೇಲೆ ನಿಲ್ಲಿಸಿ ಸುಮ್ಮನೆ ಕೂತ.

“ಸೂಪರಾಗಿ ಹಿಡ್ಕೊಂಡಿದಾರೆ ಅಣ್ಣ. ಯಾರು ಇವ್ರು?” ಎಂದ.

“ಇಬ್ಬರು ಕಣೋ” ಎಂದೆ.

ಅವನು ನಂಬಲಿಲ್ಲ. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಲು ಹೇಳಿ, ಸ್ಪೀಕರಿನ ಹತ್ತಿರಕ್ಕೆ ಸರಿದು ಕೂತ.